ರಾಕ್ಷಸ ಸತ್ತಾಗ ಕಣ್ಣು ಫಕ್ಕನೆ ಆರಬೇಕಾ, ನಿಧಾನಕ್ಕಾ?

ಕೊಪ್ಪಳದ ಶಾಲಾ ನಾಟಕಕ್ಕೆ ಯಂತ್ರರಾಕ್ಷಸನನ್ನು ಮಾಡುತ್ತಿದ್ದೀರಾ? ಕಣ್ಣಿನ ದೀಪ ಫಕ್ಕನೆ ಆರಿಸಲು ಒಂದು ಸ್ವಿಚ್ ಸಾಕು. ಆದರೆ ಹಿಂದೆ ಕೂತವರು ಕರೆಂಟ್ ಹೋಯಿತು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಅದೇನು ಹೊಸದಲ್ಲ, ಅಲ್ವಾ?

ನಿಧಾನಕ್ಕೆ ಮಂಕಾದರೆ ಜೀವ ಹೋಗುತ್ತಿರುವುದು ಎಲ್ಲರಿಗೂ ಕಾಣುತ್ತದೆ. 1984ರ ‘ದಿ ಟರ್ಮಿನೇಟರ್’ ಸಿನಿಮಾದಲ್ಲೂ ಕೆಂಪು ಕಣ್ಣು ಆರಿದ ಮೇಲೆಯೇ ಯಂತ್ರ ಸತ್ತಿತು ಅನ್ನುವ ನಂಬಿಕೆ ಬರುತ್ತದೆ. ನನ್ನ ಓಟು ನಿಧಾನಕ್ಕೇ. ಕೆಲಸ ಸ್ವಲ್ಪ ಜಾಸ್ತಿ. ಎಲ್‌ಇಡಿ ತಾನಾಗಿ ಮಂಕಾಗುವುದಿಲ್ಲ. ಅದಕ್ಕೆ 9 ವೋಲ್ಟ್ ಬ್ಯಾಟರಿ, ಸ್ವಿಚ್, ಆಮೇಲೆ ಚಾರ್ಜ್ ಹಿಡಿದಿಟ್ಟು ನಿಧಾನಕ್ಕೆ ಬಿಡುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿ. ಅದರ ಎರಡು ಕಾಲಿಗೆ 1 ಕಿಲೋಓಮ್ ರೆಸಿಸ್ಟರ್ (ಕರೆಂಟ್ ಮಿತಿಯಲ್ಲಿಡುವ ಬಿಡಿಭಾಗ) ಜೊತೆ ಕೆಂಪು ಎಲ್‌ಇಡಿ. ಸ್ವಿಚ್ ಆರಿಸಿದ ಮೇಲೂ ಒಂದೆರಡು ಸೆಕೆಂಡ್ ಕಣ್ಣು ಮಂಕಾಗುತ್ತಾ ಉರಿಯುತ್ತದೆ. ಕೆಪಾಸಿಟರಿನ ಪ್ಲಸ್ ಮೈನಸ್ ಅದಲುಬದಲಾಗಬಾರದು.

ರಾಕ್ಷಸ ನಗಿಸುವವನಾದರೆ ಮಾತ್ರ ಫಕ್ಕನೆ ಆರಿಸಿ. ಜನ ಬಿದ್ದು ಬಿದ್ದು ನಗುತ್ತಾರೆ.