ಬೇಳೆ ಬೇಯದ ನೀರಿನಲ್ಲಿ ಗಪ್ಪಿ, ಬೇಯುವ ನೀರಿನಲ್ಲಿ ನಿಯಾನ್

ಒಂದೇ ಅಳತೆಯ ಎರಡು ಗಾಜಿನ ತೊಟ್ಟಿಗಳನ್ನು ಒಂದೂವರೆ ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಒಂದು ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿದೆ, ಇನ್ನೊಂದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಂಗಿಯ ಮನೆಯಲ್ಲಿ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡೆ. ನಡುವಿನ ದಾರಿ ಚಿಗರಿ ಬಸ್ಸಿನಲ್ಲಿ ಗಂಟೆಯೊಳಗಿನದು. ಆದರೆ ಇಲ್ಲಿ ನಲಿಯುವ ಮೀನು ಅಲ್ಲಿ ಸಾಯುತ್ತದೆ, ಅಲ್ಲಿ ಸಂಸಾರ ಹೂಡುವ ಮೀನು ಇಲ್ಲಿ ಸೊರಗುತ್ತದೆ. ಹೊಸದಾಗಿ ಮೀನು ಸಾಕಲು ಹೊರಟವರು ಅಂಗಡಿಯಲ್ಲಿ ಮೊದಲು ಫಿಲ್ಟರಿನ ಬೆಲೆ ಕೇಳುತ್ತಾರೆ. ನಾನೂ ಹಾಗೆಯೇ ಕೇಳಿದವನು.

ಬೌಲಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಇದೆಲ್ಲ ಶುರುವಾದದ್ದು ತಂಗಿಯ ಮಗನಾದ ಅಳಿಯನ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ನಾಲ್ಕು ಲೀಟರಿನ ದುಂಡು ಬೌಲಿನಿಂದ. ಒಳಗೆ ಒಂದು ಗೋಲ್ಡ್‌ಫಿಶ್, ಒಂದು ಹಿಡಿ ನೀಲಿ ಕಲ್ಲು. ಹನ್ನೊಂದನೆಯ ದಿನ ಮೀನು ಮಗ್ಗುಲಾಯಿತು. ಗೋಲ್ಡ್‌ಫಿಶ್ ಕಾರ್ಪ್ ಕುಟುಂಬದ ಮೀನು. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮಿಗಿಲಾಗಿ ಬದುಕುತ್ತದೆ. ಅದನ್ನು ಬೌಲಿನಲ್ಲಿಡುವುದು ಎಮ್ಮೆಯನ್ನು ಬಚ್ಚಲುಮನೆಯಲ್ಲಿ ಕಟ್ಟಿದ ಹಾಗೆ. ಬೌಲು ಅಗ್ಗವೆಂಬುದು ನಿಜ, ಆದರೆ ತಿಂಗಳಿಗೆ ಎರಡು ಮೀನು ಕೊಳ್ಳುವ ಲೆಕ್ಕ ಹಿಡಿದರೆ ಅದೂ ನಿಜವಲ್ಲ. ಈಗ ಅದರಲ್ಲಿ ತಂಗಿ ಲಿಂಬೆಹಣ್ಣು ಇಡುತ್ತಾಳೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಲೆಕ್ಕದಲ್ಲಿ 56 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ, ಮೇಲೆ ಎರಡು ಬೆರಳು ಜಾಗ ಬಿಟ್ಟರೆ 48 ಲೀಟರಿನ ಆಸುಪಾಸು. ಒಂದು ಅಡಿಯ ಪುಟ್ಟ ತೊಟ್ಟಿ ಸುಲಭವೆಂದು ಅನ್ನಿಸುತ್ತದೆ, ಆದರೆ ನೀರು ಕಡಿಮೆ ಇದ್ದಷ್ಟೂ ನಮ್ಮ ತಪ್ಪು ಬೇಗ ವಿಷವಾಗುತ್ತದೆ. ದೊಡ್ಡ ತೊಟ್ಟಿ ತಪ್ಪನ್ನು ತಡೆದುಕೊಳ್ಳುತ್ತದೆ. ಅದರ ಭಾರವನ್ನು ಮಾತ್ರ ಮರೆಯಬಾರದು. ನೀರು, ಗಾಜು, ಕಲ್ಲು ಸೇರಿ ಎಪ್ಪತ್ತು ಕಿಲೋ ಆಗುತ್ತದೆ. ಹುಬ್ಬಳ್ಳಿಯಲ್ಲಿ ಮೊದಲು ಟಿವಿಯ ಪ್ಲೈವುಡ್ ಸ್ಟ್ಯಾಂಡಿನ ಮೇಲಿಟ್ಟೆವು. ತಿಂಗಳಲ್ಲಿ ಹಲಗೆ ನಡುವೆ ಬಾಗಿತು. ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ನಡುಮನೆಯ ಗೋಡೆಗೆ ಕಡಪಾ ಕಲ್ಲಿನ ಕಟ್ಟೆಯಿದೆ. ಅಜ್ಜನ ಕಾಲದಲ್ಲಿ ಹಾಸಿಗೆ ಪೇರಿಸುತ್ತಿದ್ದ ಆ ಕಟ್ಟೆಗೆ ಯಾವ ಸ್ಟ್ಯಾಂಡೂ ಸಾಟಿಯಲ್ಲ. ಗಾಜಿನ ಕೆಳಗೆ ಒಂದು ಥರ್ಮೊಕೋಲ್ ಹಾಳೆ ಹಾಸಿದರೆ ಸಾಕು.

ಇನ್ನು ನೀರು. ಧಾರವಾಡದ ಮನೆಗೆ ನಳದಲ್ಲಿ ಬರುವುದು ಮಲಪ್ರಭೆಯ ನೀರು, ಸವದತ್ತಿಯ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಿಂದ. ತಂಗಿಯ ಮನೆಯಲ್ಲಿ ಕುಡಿಯುವುದಕ್ಕೆ ಮಾತ್ರ ನಳದ ನೀರು, ಉಳಿದದ್ದಕ್ಕೆಲ್ಲ ಬೋರಿನದು. ಪರೀಕ್ಷಾ ಕಿಟ್ ಕೊಳ್ಳುವ ಮೊದಲೇ ನಮ್ಮ ಅವ್ವ ಈ ಎರಡರ ವ್ಯತ್ಯಾಸ ಹೇಳಿದ್ದಳು: ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಬೇಳೆ ಬೇಯದ, ಸಾಬೂನು ನೊರೆ ಬಾರದ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ನೀರೆಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು. ಆಮೇಲೆ ತಂದ ಕಿಟ್ ಕೂಡ ಅದನ್ನೇ ಹೇಳಿತು. ಆಮ್ಲ–ಕ್ಷಾರದ ಅಳತೆಯಾದ ಪಿಎಚ್ ನಮ್ಮ ನಳದ ನೀರಿನಲ್ಲಿ 7.4ರ ಹತ್ತಿರ ಇತ್ತು, ಗಡಸುತನ ಕಡಿಮೆ. ತಂಗಿಯ ಬೋರಿನದು 8.1, ಗಡಸುತನ ಅಳೆಯಲು ಹನಿಯ ಮೇಲೆ ಹನಿ ಹಾಕಿ ಬಾಟಲಿಯೇ ಕಾಲು ಭಾಗ ಖಾಲಿಯಾಯಿತು.

ಸರಿ, ನೋಡಿಯೇಬಿಡೋಣವೆಂದು ಒಂದೇ ದಿನ, ಒಂದೇ ಅಂಗಡಿಯಿಂದ ಹನ್ನೆರಡು ನಿಯಾನ್ ಟೆಟ್ರಾ, ಹನ್ನೆರಡು ಗಪ್ಪಿ ತಂದು ಆರಾರು ಹಂಚಿದೆ. ನಿಯಾನ್ ಅಮೆಜಾನ್ ಜಲಾನಯನದ ಮೀನು. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ, ಲವಣವೇ ಇಲ್ಲದಂಥ ಮೆದು ನೀರು ಅದರ ತವರು. ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ಕಡೆಯದು. ಗಡಸು ನೀರೆಂದರೆ ಅದಕ್ಕೆ ಹಬ್ಬ. ಮೂರು ವಾರದಲ್ಲಿ ಹುಬ್ಬಳ್ಳಿಯ ಆರು ನಿಯಾನ್‌ಗಳೂ ಹೋದವು. ಧಾರವಾಡದಲ್ಲಿ ಒಂದು ಹೋಯಿತು, ಐದು ಇಂದಿಗೂ ಇವೆ. ಗಪ್ಪಿಗಳದು ತಿರುವುಮುರುವು. ಧಾರವಾಡದವು ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದವು, ಬಾಲದ ಅಂಚು ಹರಿಯಿತು. ಹುಬ್ಬಳ್ಳಿಯವು ಎರಡನೆಯ ತಿಂಗಳಿಗೇ ಮರಿ ಹಾಕಿದವು. ಹಾಗೆಂದು ಎಲ್ಲವನ್ನೂ ನೀರಿನ ತಲೆಗೇ ಕಟ್ಟುವುದು ಪೂರ್ತಿ ನ್ಯಾಯವಲ್ಲ. ಆಗ ಏಪ್ರಿಲ್ ತಿಂಗಳು. ಆರ್‌ಸಿಸಿ ಮಾಳಿಗೆಯ ಕೆಳಗೆ ತಂಗಿಯ ತೊಟ್ಟಿ 32 ಡಿಗ್ರಿ ತಲುಪಿತ್ತು, ನಿಯಾನ್‌ಗೆ ಅಷ್ಟು ಬಿಸಿ ಆಗದು. ಆದರೆ ಅದೇ ಬಿಸಿಯಲ್ಲಿ ಗಪ್ಪಿ ಗೆದ್ದಿತಲ್ಲ.

ಬೋರಿನ ನೀರಿಗೆ ಆರ್‌ಒ ನೀರು ಬೆರೆಸಿಯೂ ನೋಡಿದೆ, ಅರ್ಧಕ್ಕರ್ಧ. ಗಡಸುತನ ಇಳಿಯುತ್ತದೆ, ಕೆಲಸ ಆಗುತ್ತದೆ. ಆದರೆ ಆರ್‌ಒ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ನಳ ಯಾವಾಗ ಬಂದೀತೆಂದು ಓಣಿಯೇ ಕಿವಿಗೊಟ್ಟು ಕೂತಿರುವಾಗ ಬೆರಳುದ್ದವೂ ಇಲ್ಲದ ಆರು ಮೀನಿಗೋಸ್ಕರ ಅದನ್ನು ಮಾಡುವುದು ನನಗೆ ಒಗ್ಗಲಿಲ್ಲ. ಮೀನಿಗೆ ತಕ್ಕ ನೀರು ಮಾಡುವುದಕ್ಕಿಂತ ನೀರಿಗೆ ತಕ್ಕ ಮೀನು ತರುವುದು ಅಗ್ಗ.

ನಳದ ನೀರಿಗೂ ಒಂದು ಕಾಟವಿದೆ, ಕ್ಲೋರಿನ್. ನಳ ಬಿಟ್ಟ ದಿನ ಮೂಗಿಗೇ ತಿಳಿಯುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಇಲ್ಲಿ ನಮ್ಮ ಕಷ್ಟವೇ ಉಪಕಾರ ಮಾಡಿತು: ನೀರು ದಿನವೂ ಬಾರದ್ದರಿಂದ ಹಿತ್ತಲಿನಲ್ಲಿ ಡ್ರಮ್ ತುಂಬಿಸಿ ಇಡುವ ರೂಢಿ ಮೊದಲಿನಿಂದಲೂ ಇದೆ. ಬಾಯಿ ತೆರೆದಿಟ್ಟ ಡ್ರಮ್ಮಿನಲ್ಲಿ ಒಂದು ದಿನದಲ್ಲಿ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ. ಬೋರಿಗೆ ಈ ರಗಳೆಯೇ ಇಲ್ಲ.

ಮೀನು ಬಿಡುವ ಮೊದಲು ತೊಟ್ಟಿಯನ್ನು ಹದ ಮಾಡುವುದರಲ್ಲಿ ಮೂರು ದಾರಿ ತುಳಿದಿದ್ದೇನೆ, ಮೊದಲನೆಯದು ನಾಚಿಕೆಯದು. ಶನಿವಾರ ನೀರು ತುಂಬಿಸಿ ಭಾನುವಾರ ಆರು ಗೋಲ್ಡ್‌ಫಿಶ್ ಬಿಟ್ಟೆ. ಅಂಗಡಿಯಾತ ಹೌದೆಂದ, ನಾನೂ ಹೌದೆಂದೆ. ಬುಧವಾರ ನೀರು ಅಕ್ಕಿ ತೊಳೆದ ಹಾಗಾಯಿತು. ಒಂಬತ್ತನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಸಹಿಸಬಹುದಾದದ್ದು. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಇರುವುದಿಲ್ಲ, ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಗಡಸು ನೀರಿನವರು ಇನ್ನೂ ಎಚ್ಚರವಿರಬೇಕು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಎರಡನೆಯ ಸಲ ಮೀನಿಲ್ಲದೆಯೇ ಹದ ಮಾಡಿದೆ. ಖಾಲಿ ತೊಟ್ಟಿಗೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುವುದು, ಎರಡು ದಿನಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡುವುದು. ಮನೆಗೆ ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಿದ್ದರು. ಮೂರನೆಯ ವಾರ ನೈಟ್ರೈಟ್ ಗಾಢ ನೇರಳೆಗೆ ಏರಿ ಅಲ್ಲೇ ಕೂತಿತು. ಐದನೆಯ ವಾರದ ಕೊನೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು. ಬೇಸರದ ಕೆಲಸ, ಆದರೆ ಆಮೇಲೆ ಬಿಟ್ಟ ಮೀನು ಸಾಯಲಿಲ್ಲ.

ಮೂರನೆಯದು ಹೆಪ್ಪಿನ ದಾರಿ, ಇದಕ್ಕೆ ನನ್ನ ಪೂರ್ತಿ ಮತ. ಹಾಲಿಗೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಹೆಪ್ಪು ಹಾಕುವುದಿಲ್ಲವೇ, ಹಾಗೆ. ಧಾರವಾಡದ ತೊಟ್ಟಿಯ ಫಿಲ್ಟರಿನ, ಬ್ಯಾಕ್ಟೀರಿಯಾ ಮನೆ ಮಾಡಿದ್ದ ಹಳೆಯ ಸ್ಪಂಜನ್ನು ಅದೇ ನೀರಿನೊಡನೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚಿಗರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಒಯ್ದೆ. ಪಕ್ಕದಲ್ಲಿ ಕೂತ ಹಿರಿಯರು ಇದೇನೆಂದು ಕೇಳಿದಾಗ ಹೊಲಸು ಸ್ಪಂಜು ಎನ್ನುವುದು ಬಿಟ್ಟು ಬೇರೆ ಉತ್ತರ ಹೊಳೆಯಲಿಲ್ಲ. ಹತ್ತೇ ದಿನದಲ್ಲಿ ತಂಗಿಯ ತೊಟ್ಟಿ ಹದಕ್ಕೆ ಬಂತು. ಪರಿಚಯದವರಲ್ಲಿ ಯಾರದಾದರೂ ಆರೋಗ್ಯವಾದ ಹಳೆಯ ತೊಟ್ಟಿ ಇದ್ದರೆ ಮೊದಲು ಅವರ ಬಾಗಿಲು ತಟ್ಟಿ. ರೋಗದ ತೊಟ್ಟಿಯ ಹೆಪ್ಪು ಮಾತ್ರ ಬೇಡ, ರೋಗವೂ ಜೊತೆಗೆ ಬರುತ್ತದೆ.

ಇಲ್ಲಿಗೆ ಫಿಲ್ಟರಿನ ಪ್ರಶ್ನೆ ಅರ್ಧ ತೀರಿತು. ಒಳಗೆ ಮುಳುಗಿಸುವ ಮೋಟರ್ ಫಿಲ್ಟರ್ ಒಂದನ್ನು, ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಂದನ್ನು ತಲಾ ಆರು ತಿಂಗಳು ಓಡಿಸಿದ್ದೇನೆ. ಮೋಟರಿನದು ನೀರನ್ನು ಗಾಜಿನಷ್ಟು ತಿಳಿಯಾಗಿಸುತ್ತದೆ, ಸದ್ದಿಲ್ಲ, ಕಣ್ಣಿಗೆ ಅಂದ. ಆದರೆ ಗಪ್ಪಿ ಮರಿಗಳನ್ನು ಹೀರಿಕೊಂಡಿತು. ಮಳೆಗಾಲದಲ್ಲಿ ಒಮ್ಮೆ ಅರ್ಧ ದಿನ ಕರೆಂಟ್ ಹೋದಾಗ ಮುಚ್ಚಿದ ಡಬ್ಬಿಯೊಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸತ್ತು, ಕರೆಂಟ್ ಬಂದೊಡನೆ ಕೊಳೆತ ನೀರನ್ನೇ ತೊಟ್ಟಿಗೆ ಉಗುಳಿತು. ಸ್ಪಂಜಿನದು ಅದರ ಕಾಲು ಭಾಗದ ಬೆಲೆ, ಮರಿಗೆ ಅಪಾಯವಿಲ್ಲ, ಪಂಪು ಎಳೆಯುವುದು ನಾಲ್ಕೈದು ವ್ಯಾಟ್ ಅಷ್ಟೇ, ಇನ್ವರ್ಟರಿಗೆ ಭಾರವಲ್ಲ. ಅದರ ಗುರ್ರೆನ್ನುವ ಸದ್ದು ಮಾತ್ರ ರಾತ್ರಿಯಿಡೀ ಜೀರುಂಡೆಯ ಹಾಗೆ. ಪಂಪನ್ನು ಮಡಚಿದ ಹಳೆಯ ಟವೆಲಿನ ಮೇಲಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ಕೊಳವೆಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಬೇಕು. ನಾನು ನೆಲದ ಮೇಲಿಟ್ಟಿದ್ದೆ; ಕರೆಂಟ್ ಹೋದ ರಾತ್ರಿ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ಇಳಿದು ಬೆಳಗ್ಗೆ ಅವ್ವ ಕಾಲಿಟ್ಟದ್ದು ಕೆರೆಗೆ.

ಸ್ಪಂಜನ್ನು ತೊಳೆಯುವಾಗ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ನಳ ಬಿಟ್ಟ ದಿನ ನಳದ ಕೆಳಗೆ ಹಿಡಿದು ಫಳಫಳ ತೊಳೆದು ಐದು ವಾರದ ಹೆಪ್ಪನ್ನು ಎರಡು ನಿಮಿಷದಲ್ಲಿ ಚರಂಡಿಗೆ ಬಿಟ್ಟವನು ನಾನು.

ಹೀಟರ್ ಬೇಕೆ ಬೇಡವೆ? ಮೀನನ್ನೇ ಕೇಳಬೇಕು. ಡಿಸೆಂಬರ್–ಜನವರಿಯ ಧಾರವಾಡದ ಬೆಳಗಿನಲ್ಲಿ ನನ್ನ ತೊಟ್ಟಿ 19 ಡಿಗ್ರಿಗೆ ಇಳಿಯಿತು. ನಿಯಾನ್‌ಗಾಗಿ 50 ವ್ಯಾಟಿನ ಹೀಟರ್ ಹಾಕಿದೆ. ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ಸಾಕಾಗುತ್ತದೆ. ಹುಬ್ಬಳ್ಳಿಯಲ್ಲಿ ಚಳಿಗಿಂತ ಬೇಸಿಗೆಯೇ ಶತ್ರು. ಅಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಟೇಬಲ್ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಣ್ಣಿನ ಗಡಿಗೆ ತಂಪಾಗುವ ಹಾಗೆಯೇ. ಆವಿಯಾದ ನೀರನ್ನು ತುಂಬುತ್ತಿರಬೇಕು.

ಎರಡೂ ಕಡೆ, ಎರಡೂ ಕಾಲದಲ್ಲಿ, ಹೀಟರ್ ಇಲ್ಲದೆ ಗೆದ್ದ ಮೀನು ಒಂದೇ: ಜೀಬ್ರಾ ಡ್ಯಾನಿಯೊ. ನೀಲಿ ಪಟ್ಟೆಯ, ಬೆರಳಿನ ಎರಡು ಗೆಣ್ಣುದ್ದದ ಮೀನು. ಬಣ್ಣದಲ್ಲಿ ಗಪ್ಪಿಯ ಮುಂದೆ ನಿಲ್ಲದು, ಅಂಗಡಿಯವರೂ ಅದನ್ನು ಮುಂದೆ ತೋರಿಸುವುದಿಲ್ಲ. ಆದರೆ ಇದು ನಮ್ಮದೇ ದೇಶದ ಹೊಳೆಗಳ ಮೀನು. 1822ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪುವಿನ ಪತನದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬರೆದಿಟ್ಟ ಬುಕಾನನ್ನೇ. ಆರಕ್ಕೆ ಕಡಿಮೆ ತರಬೇಡಿ, ಗುಂಪಿಲ್ಲದಿದ್ದರೆ ಒಂದನ್ನೊಂದು ಅಟ್ಟಾಡಿಸುತ್ತವೆ. ಮುಚ್ಚಳವೂ ಬೇಕು, ಚಿಮ್ಮುತ್ತವೆ. ಮೊದಲ ಬಾರಿ ಸಾಕುವವರಿಗೆ ಒಂದೇ ಮೀನು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಪ್ಲಾಸ್ಟಿಕ್ ಗಿಡ, ಜೀವಂತ ಗಿಡಗಳಲ್ಲಿ ಜೀವಂತದ್ದೇ ಮೇಲು: ವ್ಯಾಲಿಸ್ನೇರಿಯಾ ಎರಡೂ ನೀರಿನಲ್ಲಿ ಬಂತು. ಕೆಲಗೇರಿ ಕೆರೆಯಿಂದ ಬಿಟ್ಟಿಯಾಗಿ ತಂದ ಗಿಡದ ಜೊತೆ ಬಸವನಹುಳುವೂ ಒಂದು ಏರೋಪ್ಲೇನ್ ಚಿಟ್ಟೆಯ ಮರಿಯೂ ಬಂದವು. ಎರಡನೆಯದು ಮೀನಿನ ಮರಿಗಳನ್ನು ಹಿಡಿದು ತಿಂದಿತು. ತಳಕ್ಕೆ ಹಾಕುವ ಕಲ್ಲಿನ ಮೇಲೆ ಒಂದು ಹನಿ ಲಿಂಬೆರಸ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಮೆದು ನೀರಿನ ತೊಟ್ಟಿಗೆ ಬೇಡ.

ಗಪ್ಪಿಯ ದೋಷವೊಂದನ್ನು ಹೇಳದಿದ್ದರೆ ಹೋಲಿಕೆ ಪೂರ್ತಿಯಾಗದು. ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿ. ಗಂಡುಗಳನ್ನು ಬೇರೆ ಮಾಡಿದರೂ ಹೆಣ್ಣು ಹಿಂದಿನ ಕೂಡುವಿಕೆಯಿಂದಲೇ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತದೆ. ಹೆಚ್ಚಾದವನ್ನು ಉಣಕಲ್ ಕೆರೆಗೆ ಬಿಡೋಣವೆಂದ ಅಳಿಯ. ಅಲ್ಲಿನ ಸ್ಥಳೀಯ ಮೀನುಗಳ ಬಾಯಿಗೆ ಮಣ್ಣು ಹಾಕಿದಂತಾಗುತ್ತದೆ ಎಂದು ಬೈದು, ಮಾಳಿಗೆಯ ಮೇಲಿನ ನೀರಿನ ತೊಟ್ಟಿಗೆ ಕೆಲವನ್ನು ಬಿಡಿಸಿದೆ. ಸೊಳ್ಳೆ ಮರಿಗಳನ್ನು ತಿಂದು ಕೊಬ್ಬಿವೆ. ಮೊದಲೇ ಬರಿಯ ಗಂಡುಗಳನ್ನು ತಂದಿದ್ದರೆ ಬಣ್ಣವೂ ಸಿಗುತ್ತಿತ್ತು, ಈ ಸಂತೆಯೂ ಇರುತ್ತಿರಲಿಲ್ಲ.

ಮೊನ್ನೆ ಅಳಿಯ ಫೋನ್ ಮಾಡಿ, ಮಾಮಾ, ನಲವತ್ತು ಮರಿ ಧಾರವಾಡಕ್ಕೆ ಕಳಿಸಲೇ ಎಂದು ಕೇಳಿದ. ಬೇಡವೆಂದೆ, ಇಲ್ಲಿ ಬೇಳೆ ಎರಡೇ ಸೀಟಿಗೆ ಬೇಯುತ್ತದೆ.