ಬ್ಯಾಂಗ್, ಪರ್ಸೆಂಟ್, ಆಟ್: ಹಳೆಯ ಈಮೇಲ್ ವಿಳಾಸಗಳನ್ನು ಓಡಿಸಿ ನೋಡಿದೆ

1980ರ ದಶಕದ ಆಪರೇಟಿಂಗ್ ಸಿಸ್ಟಂ ಬಿಎಸ್‌ಡಿ ಯುನಿಕ್ಸ್ ಅನ್ನು, ಹಳೆಯ ಕಂಪ್ಯೂಟರ್‌ಗಳನ್ನು ಅನುಕರಿಸುವ ಸಿಮ್‌ಎಚ್ ಎಮ್ಯುಲೇಟರ್‌ನಲ್ಲಿ ಹಾಕಿ, ಆ ಕಾಲದ ಮೂರು ವ್ಯಾಕ್ಸ್ ಕಂಪ್ಯೂಟರ್‌ಗಳನ್ನು ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದೆ. ಅವುಗಳ ಹೆಸರು ಕೆರೆ, ತೋಟ, ಬೆಟ್ಟ. ಕೆರೆಯಿಂದ ಹೊರಟ ಮೇಲ್ ಬೆಟ್ಟದಲ್ಲಿರುವ ರಾಣಿಗೆ ಸೇರಬೇಕು. ನಡುವೆ ತೋಟ ಇದೆ.

ಮೊದಲು ಬ್ಯಾಂಗ್ (!) ಪಾತ್: ತೋಟ!ಬೆಟ್ಟ!ರಾಣಿ. ಯುನಿಕ್ಸ್ ಯಂತ್ರಗಳು ಒಂದಕ್ಕೊಂದು ಫೈಲ್, ಮೇಲ್ ದಾಟಿಸಲು ಬಳಸುತ್ತಿದ್ದ ಯುಯುಸಿಪಿಯ ಕ್ರಮ ಇದು. ಪ್ರತಿ ಯಂತ್ರವೂ ತನ್ನ ಹೆಸರು ಕಳಚಿ, ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಓದಲು ಗೊಂದಲವೇ ಇಲ್ಲ. ಫೋನ್ ಲೈನ್ ಮತ್ತು ಮಾಡೆಮ್ ಇದ್ದರೆ ಸಾಕು. ನಮ್ಮ ದೇಶದ ಶಿಕ್ಷಣ-ಸಂಶೋಧನಾ ಜಾಲ ಇಆರ್‌ನೆಟ್‌ನ ಆರಂಭದ ಮೇಲ್ ಕೂಡ ಹೀಗೇ ಓಡಾಡಿದ್ದು. ಆದರೆ ಇಲ್ಲಿ ವಿಳಾಸ ಅಂದರೆ ದಾರಿ. ಬೇರೆ ಊರಿನಿಂದ ಬರೆಯುವವರಿಗೆ ಅದೇ ರಾಣಿಯ ವಿಳಾಸ ಬೇರೆ. ಅದಕ್ಕೇ ಆಗ ಜನ ಇಲಿನಾಯ್‌ನ ಐಎಚ್‌ಎನ್‌ಪಿ4, ವರ್ಜೀನಿಯಾದ ಸೀಸ್ಮೋ ಥರದ ಎಲ್ಲರಿಗೂ ಗೊತ್ತಿದ್ದ ಯಂತ್ರಗಳಿಂದ ಶುರುವಾಗುವ ದಾರಿ ಕೊಡುತ್ತಿದ್ದರು. ನಾನು ತೋಟವನ್ನು ಆಫ್ ಮಾಡಿದೆ. ಮೇಲ್ ಕೆರೆಯ ಸ್ಪೂಲ್‌ನಲ್ಲೇ, ಅಂದರೆ ಕಾಯುವ ಸಾಲಿನಲ್ಲೇ, ಕೂತಿತು.

ನಿಜವಾದ ತಲೆನೋವು ಬ್ಯಾಂಗ್, ಆಟ್ (@) ಎರಡೂ ಇರುವ ಮಿಶ್ರ ವಿಳಾಸದ್ದು: ತೋಟ!ರಾಣಿ@ಬೆಟ್ಟ. ಇದಕ್ಕಾಗಿ ಕೆರೆಯಿಂದ ಬೆಟ್ಟಕ್ಕೆ ನೇರ ಲೈನ್ ಕೂಡ ಹಾಕಿದೆ. ತೋಟದಲ್ಲೂ ರಾಣಿ ಎಂಬ ಇನ್ನೊಂದು ಖಾತೆ ತೆರೆದೆ. ಬ್ಯಾಂಗ್ ಮೊದಲು ಓದುವಂತೆ, ಮೇಲ್ ಸಾಗಿಸುವ ಪ್ರೋಗ್ರಾಂ ಸೆಂಡ್‌ಮೇಲ್‌ಗೆ ನಿಯಮ ಬರೆದಾಗ ಮೇಲ್ ತೋಟಕ್ಕೆ ಹೋಗಿ, ಅಲ್ಲಿಂದ ಬೆಟ್ಟದ ರಾಣಿಗೆ ಸೇರಿತು. ಆಟ್ ಮೊದಲು ಓದಿಸಿದಾಗ ಬೆಟ್ಟಕ್ಕೆ ಹೋಗಿ, ತಿರುಗಿ ಬಂದು ತೋಟದ ರಾಣಿಗೆ ಸಿಕ್ಕಿತು! ಎರಡು ಸಲವೂ ಎರರ್ ಬರಲಿಲ್ಲ. ಮೇಲ್ ಕಳೆದುಹೋದರೆ ಕಳಿಸಿದವರಿಗೆ ಅನುಮಾನವಾದರೂ ಬರುತ್ತದೆ, ಅಲ್ವಾ? ಇನ್ನೊಬ್ಬರ ಕೈಗೆ ಹೋದರೆ ಅದೂ ಇಲ್ಲ. ಇಂಟರ್ನೆಟ್‌ನ ಕ್ರಮಗಳನ್ನು ವಿವರಿಸುವ ಆರ್‌ಎಫ್‌ಸಿ ದಾಖಲೆಗಳಲ್ಲಿ ಒಂದಾದ, 1986ರ ಆರ್‌ಎಫ್‌ಸಿ 976 ಆಟ್‌ಗೇ ಮೊದಲ ಸ್ಥಾನ ಕೊಟ್ಟಿತು. ಆದರೆ ಬ್ಯಾಂಗ್ ಮಾತ್ರ ಗೊತ್ತಿದ್ದ ಹಳೆಯ ಯಂತ್ರಕ್ಕೆ ಆ ನಿಯಮ ಎಲ್ಲಿಂದ ಗೊತ್ತಾಗಬೇಕು?

ಈ ಗೊಂದಲಕ್ಕೆ ಪರ್ಸೆಂಟ್ ಒಳ್ಳೆಯ ಮದ್ದು. ರಾಣಿ%ಬೆಟ್ಟ@ತೋಟ ಅಂದರೆ ಮೊದಲು ತೋಟ. ಅಲ್ಲಿ ಪರ್ಸೆಂಟ್ ಹೋಗಿ ಆಟ್ ಬರುತ್ತದೆ. ಬ್ಯಾಂಗ್ ಜೊತೆ ಬೆರೆಸದಿದ್ದರೆ ಅರ್ಥ ಒಂದೇ. ಆದರೂ ದಾರಿಯ ಹೊರೆ ಬರೆಯುವವರ ತಲೆ ಮೇಲೇ.

ನನ್ನ ಆಯ್ಕೆ ದಾರಿ ಇಲ್ಲದೆ ಹೆಸರು ಮಾತ್ರ ಇರುವ ಡೊಮೇನ್ ವಿಳಾಸ, ಜೊತೆಗೆ 1986ರಲ್ಲಿ ಆರ್‌ಎಫ್‌ಸಿ 974 ವಿವರಿಸಿದ ಎಂಎಕ್ಸ್ ದಾಖಲೆ. ಬೆಟ್ಟದ ಮೇಲ್ ತೋಟಕ್ಕೆ ಕೊಡಿ ಎಂದು ಅದರಲ್ಲಿ ಬರೆದೆ. ಆಮೇಲೆ ದಾರಿ ಬದಲಿಸಿದಾಗ ತಿದ್ದಿದ್ದು ಆ ಸಾಲನ್ನು ಮಾತ್ರ. ರಾಣಿಯ ವಿಳಾಸ ಹಾಗೇ ಇತ್ತು.

ಡೊಮೇನ್‌ನಲ್ಲೂ ಒಂದು ಪೇಚು ಇತ್ತು. ಬ್ರಿಟನ್‌ನ ವಿಶ್ವವಿದ್ಯಾಲಯಗಳ ಜಾಲ ಜಾನೆಟ್, ಹೆಸರನ್ನು ತಿರುವುಮುರುವಾಗಿ, ದೇಶ ಮೊದಲು ಬರುವಂತೆ ಬರೆಯುತ್ತಿತ್ತು. ಹಾಗಾಗಿ ಕಂಪ್ಯೂಟರ್ ಸೈನ್ಸ್ ವಿಭಾಗದ 'ಸಿಎಸ್' ಕೊನೆಗೆ ಬಂದು, ಚೆಕೊಸ್ಲೊವಾಕಿಯಾದ ಡೊಮೇನ್‌ನಂತೆ ಕಾಣುತ್ತಿತ್ತು. ತೋಟವನ್ನು ಅಂಥ ಹೆಸರುಗಳನ್ನು ತಿರುಗಿಸಿ ಮೇಲ್ ದಾಟಿಸುವ ಗೇಟ್‌ವೇ ಮಾಡಿ ನೋಡುವುದು ಇನ್ನೂ ಬಾಕಿ ಇದೆ.