ಪಕ್ಕದ ಮನೆ ಗದ್ದಲ ಮತ್ತು ಕೌನ್ಸಿಲ್‌ನ ದೂರು ಸೇವೆ: ಐದಕ್ಕೆ ಎರಡೂವರೆ ಸ್ಟಾರ್

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾವಿರುವುದು ಮಿಡ್‌ಲ್ಯಾಂಡ್ಸ್‌ನ ಒಂದು ಸಣ್ಣ ಊರು. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಅದರ ಹೆಸರು ಬೇಡ. ಒಂಬತ್ತು ತಿಂಗಳು ಅವರ ಹಿಂದೆ ಬಿದ್ದ ಮೇಲೆ ನಾನು ಕೊಡುವುದು ಎರಡೂವರೆ ಸ್ಟಾರ್, ಅದರಲ್ಲಿ ಎರಡು ಕೊನೆಗೆ ನಮ್ಮ ಮನೆಗೇ ಬಂದ ಒಬ್ಬ ಅಧಿಕಾರಿಗೆ ಸೇರಬೇಕು.

ಪಕ್ಕದ ಬಾಡಿಗೆ ಮನೆಯಲ್ಲಿ ವಾರಕ್ಕೆ ಮೂರು ನಾಲ್ಕು ರಾತ್ರಿ ಪಾರ್ಟಿ. ಹಿಂದಿನ ಸಂದಿಯಲ್ಲಿ ಬೈಕು, ಕೂಗಾಟ, ಬೆಳಿಗ್ಗೆ ನೋಡಿದರೆ ನಮ್ಮ ಗೇಟಿನ ಬುಡದಲ್ಲಿ ಒಡೆದ ಬಾಟಲಿ. ರಾತ್ರಿ ಎರಡು ಗಂಟೆಗೆ ಹಾಡಿನ ಬೇಸ್ ಬಡಿಯುವಾಗ, ಅಡುಗೆಮನೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಣಗಣ ಅನ್ನುತ್ತಿದ್ದವು. ಹಾಸನದಿಂದ ಬಂದಿದ್ದ ಅಮ್ಮ ಮೊದಲ ರಾತ್ರಿ ಹೆದರಿ ಎದ್ದು ಕೂತಿದ್ದರು. ನಾಲ್ಕು ವರ್ಷದ ಮಗಳು ಕಿವಿ ಮುಚ್ಚಿಕೊಂಡೇ ಮಲಗುತ್ತಿದ್ದಳು. ಒಂದು ಸಲ ಹೋಗಿ ಮಾತಾಡಿದೆ. ಸಾರಿ ಅಂದರು, ಎರಡು ದಿನ ಸುಮ್ಮನಿದ್ದರು, ಆಮೇಲೆ ಮತ್ತೆ ಅದೇ.

ಕೌನ್ಸಿಲ್ ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಿದೆ. ಕೂಡಲೇ ಒಂದು ನಂಬರ್ ಬಂತು, ಮನುಷ್ಯರ ಉತ್ತರ ಬರಲು ಎರಡು ವಾರ ಹಿಡಿಯಿತು. ಉತ್ತರ ಅಂದರೆ ಒಂದು ಡೈರಿ ಹಾಳೆ: ದಿನ, ಶುರುವಾದ ಸಮಯ, ನಿಂತ ಸಮಯ, ಏನಾಯಿತು, ನಿಮಗೆ ಏನು ತೊಂದರೆ ಆಯಿತು. ಈ ಹಾಳೆಯನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಾನು ಮೊದಲ ಸಲ 'ತುಂಬಾ ಗಲಾಟೆ, ನಿದ್ದೆ ಇಲ್ಲ' ಅಂತ ಬರೆದು ಕಳಿಸಿದ್ದೆ. ಸಾಕ್ಷಿ ಸಾಲದು ಅಂತ ಕೇಸ್ ಮುಚ್ಚಿಬಿಟ್ಟರು, ಮುಚ್ಚಿದ್ದು ನನಗೆ ಗೊತ್ತಾಗಿದ್ದೂ ನಾನೇ ಫೋನ್ ಮಾಡಿದಾಗ. ಎರಡನೇ ಸಲ 'ಮಂಗಳವಾರ, 1:10ರಿಂದ 3:25, ಕಿಟಕಿ ಮುಚ್ಚಿದ್ದರೂ ಹಾಡಿನ ಪದಗಳು ಕೇಳಿಸುತ್ತಿದ್ದವು, ಮಗಳು ಎರಡು ಸಲ ಎದ್ದು ಅತ್ತಳು, ನನಗೆ ಬೆಳಿಗ್ಗೆ ಆರಕ್ಕೆ ಶಿಫ್ಟ್ ಇತ್ತು' ಅಂತ ಬರೆದೆ. ಆಗ ಕೇಸ್ ಮತ್ತೆ ತೆರೆದರು. ಹೀಗೆ ಬರೆಯಬೇಕು ಅಂತ ಮೊದಲೇ ಒಂದು ಮಾದರಿ ಕೊಟ್ಟಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು, ಅಲ್ವಾ? ನಿದ್ದೆಗೆಟ್ಟು ಸುಸ್ತಾದವರ ಮೇಲೆ ಇಷ್ಟು ಕೆಲಸ ಹೊರಿಸುವುದು ತಪ್ಪು ಅಂತಲೇ ನನ್ನ ಅನಿಸಿಕೆ.

ಇನ್ನೊಂದು ಕಾಟ, ಆ ಕಡೆ ಈ ಕಡೆ ಓಡಾಡಿಸುವುದು. ತುರ್ತಲ್ಲದ ವಿಷಯಕ್ಕೆ ಇರುವ ಪೊಲೀಸರ 101 ನಂಬರಿಗೆ ಫೋನ್ ಮಾಡಿದರೆ ಹಾಡಿನ ಗಲಾಟೆ ಕೌನ್ಸಿಲ್‌ಗೆ ಸೇರಿದ್ದು ಅಂದರು. ಕೌನ್ಸಿಲ್‌ಗೆ ಫೋನ್ ಮಾಡಿದರೆ ಸಂದಿಯ ಹುಡುಗರ ವಿಷಯ ಪೊಲೀಸರಿಗೆ ಹೇಳಿ ಅಂದರು. ನಮಗೆ ಎರಡೂ ಒಂದೇ ರಾತ್ರಿ, ಒಂದೇ ಗೋಡೆಯ ಆಚೆ ನಡೆಯುತ್ತಿತ್ತು.

ದಾರಿ ತೋರಿಸಿದ್ದು ಕೆಲಸದಲ್ಲಿ ಜೊತೆಗಿರುವ ಒಬ್ಬರು. 'ಕೇಸ್ ರಿವ್ಯೂ ಕೇಳು' ಅಂದರು. ಮೊದಲು ಇದಕ್ಕೆ ಕಮ್ಯುನಿಟಿ ಟ್ರಿಗರ್ ಅನ್ನುತ್ತಿದ್ದರಂತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಕಾನೂನು ಕೊಟ್ಟ ಹಕ್ಕು ಇದು. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ ಸಾಕು, ಪ್ರತಿ ದೂರನ್ನೂ ಘಟನೆ ನಡೆದ ಒಂದು ತಿಂಗಳೊಳಗೆ ಕೊಟ್ಟಿರಬೇಕು. ಆಗ ಕೌನ್ಸಿಲ್, ಪೊಲೀಸ್, ಬೇಕಾದರೆ ಹೌಸಿಂಗ್‌ನವರು ಎಲ್ಲ ಒಟ್ಟಿಗೆ ಕೂತು ಇಲ್ಲಿವರೆಗೆ ಯಾರು ಏನು ಮಾಡಿದರು ಅಂತ ನೋಡಲೇಬೇಕು. ಇದರ ಹಿಂದೆ ಒಂದು ದುರಂತವಿದೆ. ಲೆಸ್ಟರ್‌ಶೈರ್‌ನ ಬಾರ್‌ವೆಲ್‌ನಲ್ಲಿ ಫಿಯೋನಾ ಪಿಲ್ಕಿಂಗ್ಟನ್ ಅನ್ನುವ ತಾಯಿ, ಹುಡುಗರ ಗುಂಪಿನ ಕಾಟಕ್ಕೆ ಹತ್ತು ವರ್ಷದಲ್ಲಿ 33 ಸಲ ಪೊಲೀಸರಿಗೆ ಹೇಳಿಕೊಂಡಿದ್ದರು. ಒಂದೊಂದು ದೂರನ್ನೂ ಬಿಡಿಬಿಡಿಯಾಗಿ ನೋಡಿದರು, ಯಾರೂ ಕೂಡಿಸಿ ನೋಡಲಿಲ್ಲ. 2007ರಲ್ಲಿ ಅವರು ಅಂಗವಿಕಲ ಮಗಳ ಜೀವವನ್ನೂ ತಮ್ಮ ಜೀವವನ್ನೂ ತೆಗೆದುಕೊಂಡರು. ಅದನ್ನು ಓದಿದ ರಾತ್ರಿ ನನಗೆ ಗಲಾಟೆ ಇಲ್ಲದಿದ್ದರೂ ನಿದ್ದೆ ಬರಲಿಲ್ಲ. ಇಂಥ ಹಕ್ಕು ಇದೆ ಅಂತ ನಮ್ಮ ಕೌನ್ಸಿಲ್‌ನವರು ಆರು ತಿಂಗಳಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಸ್ಟಾರ್ ಕಡಿಮೆ ಆಗಿದ್ದು ಇದಕ್ಕೇ ಜಾಸ್ತಿ.

ರಿವ್ಯೂ ಕೇಳಿದ ಮೇಲೆ ಮಾತ್ರ ಕೆಲಸ ನಡೆಯಿತು. ಆ ಅಧಿಕಾರಿ ಒಂದು ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಬಂದರು. ಅಡುಗೆಮನೆಯಲ್ಲಿ ಕಾಲು ಗಂಟೆ ಮಾತಾಡದೆ ನಿಂತರು. ನಡುಗುತ್ತಿದ್ದ ಲೋಟದ ಮೇಲೆ ಬೆರಳಿಟ್ಟು ನೋಡಿ, ಸಮಯ ಬರೆದುಕೊಂಡು, 'ಇಷ್ಟು ದಿನ ಇದನ್ನು ಸಹಿಸಿದ್ದೀರಲ್ಲ' ಅಂದರು. ಒಂಬತ್ತು ತಿಂಗಳಲ್ಲಿ ನಮ್ಮನ್ನು ನಂಬಿದ ಮೊದಲ ಮಾತು ಅದು. ಮುಂದಿನ ವಾರವೇ ಪಕ್ಕದವರಿಗೆ ಲಿಖಿತ ಎಚ್ಚರಿಕೆ ಹೋಯಿತು, ಮನೆ ಮಾಲೀಕರಿಗೂ ಪತ್ರ ಹೋಯಿತು. ಎಚ್ಚರಿಕೆಗೆ ಬಗ್ಗದಿದ್ದರೆ ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್, ಅಂದರೆ ಕಾಟ ನಿಲ್ಲಿಸಿ ಅನ್ನುವ ಕಾನೂನಿನ ಆದೇಶ, ಕೊಡುತ್ತಾರೆ. ಅದನ್ನೂ ಮೀರಿದರೆ ಕೋರ್ಟಿನಲ್ಲಿ 2,500 ಪೌಂಡ್‌ವರೆಗೆ ದಂಡ ಬೀಳಬಹುದು. ನಮ್ಮಲ್ಲಿ ಎಚ್ಚರಿಕೆಯೇ ಸಾಕಾಯಿತು, ಪಾರ್ಟಿ ನಿಂತಿತು.

ನಿಮ್ಮ ಕೌನ್ಸಿಲ್ ಏನೂ ಮಾಡದಿದ್ದರೆ ಮೊದಲು ಕೌನ್ಸಿಲ್ ಮೇಲೇ ದೂರು ಕೊಡಿ. ಅದೂ ಆಗದಿದ್ದರೆ ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಆಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್ ಇದ್ದಾರೆ. ದುಡ್ಡು ಕೊಡಬೇಕಾಗಿಲ್ಲ, ಆದರೆ ಸಾಮಾನ್ಯವಾಗಿ 12 ತಿಂಗಳೊಳಗೆ ಹೋಗಬೇಕು. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಈಮೇಲ್ ಮಾಡಿ ಇಟ್ಟುಕೊಳ್ಳಿ. ನನ್ನ ಮೂರು ದೂರುಗಳಲ್ಲಿ ಒಂದು ಫೋನಿನದ್ದು. ಅದು ಅವರ ಲೆಕ್ಕದಲ್ಲಿ ಇರಲೇ ಇಲ್ಲ, ಈಮೇಲ್ ತೋರಿಸಿದ ಮೇಲೆ ಒಪ್ಪಿಕೊಂಡರು.

ಸಂದಿಯ ಬೈಕುಗಳ ವಿಷಯ ಇನ್ನೂ ಬಗೆಹರಿದಿಲ್ಲ. ನಿನ್ನೆ ರಾತ್ರಿಯದ್ದನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದೇನೆ: 11:40ರಿಂದ 12:15, ಎರಡು ಬೈಕು.